ಬಿಸಿಲ ಗಿರಣಿಗೆ ಬಳಿದ ಸುಣ್ಣ

ಸ್ವಲ್ಪ ನಿಲ್ಲಿ, ಹಾಗೇ ದಾಟಿಕೊಂಡು ಹೋಗಬೇಡಿ. ಕರು ಕಟ್ಟುವ ಗೋಡೆಗೆ ಒರಗಿಸಿಟ್ಟ ಗೀಚುಗೀಚಾದ ಗಾಜಿಗೆ ಹೇಳುವುದಕ್ಕೆ ಏನಿದ್ದೀತು ಅಂತ ನಿಮಗೆ ಅನ್ನಿಸಬಹುದು. ಇದೆ. ಪೂರ್ತಿ ಕೇಳಿ, ಆಮೇಲೆ ನಿಮ್ಮನ್ನು ಒಂದು ಮಾತು ಕೇಳುವುದಿದೆ.

ನಾನು ಒಂದು ಸೋಲಾರ್ ಫಲಕ. ಮೂಲದಲ್ಲಿ ಮರಳು. ಮರಳನ್ನು ಕಾಯಿಸಿ, ಸೋಸಿ, ಹಾಳೆಯ ಹಾಗೆ ಕೊಯ್ದು, ನೀಲಿ ಬಣ್ಣ ಬರಿಸಿ, ಮೇಲೆ ಗಾಜು ಹೊದಿಸಿ ನನ್ನನ್ನು ಮಾಡಿದರು. ಕಾರ್ಖಾನೆಯ ಕತ್ತಲೆ ಪೆಟ್ಟಿಗೆಯೊಂದರಲ್ಲಿ ಮಲಗಿಸಿ ಫಳ್ ಅಂತ ಒಂದು ಬೆಳಕು ಬಿಟ್ಟರು. ಆಹಾ, ಮೈಯೆಲ್ಲಾ ಜುಮ್ ಅಂತು! ಇಂಥ ಬೆಳಕು ದಿನಾ ಸಿಗುವ ಊರಿಗೇ ಕಳಿಸಲಿ ಅಂದುಕೊಂಡೆ. ಕಳಿಸಿದರು ಕೂಡ. ಕೆಂಚನಕಟ್ಟಿಯಲ್ಲಿ ಬಿಸಿಲಿಗೇನು ಬರವೇ?

ಅಲ್ಲಿ ಒಂದು ಸಣ್ಣ ಹಿಟ್ಟಿನ ಗಿರಣಿ. ಅದರ ತಗಡಿನ ಮಾಡಿನ ಮೇಲೆ ನಾವು ಎಂಟು ಫಲಕಗಳು ಕೈ ಕೈ ಹಿಡಿದು ಕೂತೆವು. ನಮ್ಮದು ಒಂಥರಾ ಸಂಸಾರ. ಒಬ್ಬರ ಕಣ್ಣು ಮುಚ್ಚಿದರೂ ಉಳಿದವರ ಕೈ ಸೋಲುತ್ತದೆ. ಗಿರಣಿ ನಡೆಸುವವಳು ದಾಕ್ಷಾಯಿಣಿ. ಐಟಿಐನಲ್ಲಿ ವೈರಿಂಗು ಕಲಿತು ಬಂದಿದ್ದಳು. ಜೊತೆಗೆ ಅವಳ ಕ್ಲಾಸಿನವನೇ ಮೈಬೂಬ. ಊರೂರಲ್ಲಿ ಹುಡುಗರ ಕೈಗೆ ಸೋಲಾರ್ ಕೆಲಸ ಕೊಡುತ್ತೇವೆ ಅನ್ನುವ ಒಂದು ಸಂಸ್ಥೆ ಗಿರಣಿಯನ್ನು ಇವರಿಗೆ ವಹಿಸಿತ್ತು. ಮಾತು ಮಾತ್ರ ಖಡಕ್ಕು: ದೀಪಾವಳಿಯೊಳಗೆ ಊರಿನ ಹೆಂಗಸರು ಇಲ್ಲಿಗೆ ಬೀಸಿಸಲು ಬಂದರೆ ಸರಿ, ಇಲ್ಲದಿದ್ದರೆ ಗಿರಣಿ ಬೇರೆ ಊರಿಗೆ.

ದಾಕ್ಷಾಯಿಣಿ ದಿನಾ ಬೆಳಿಗ್ಗೆ ಏಣಿ ಹತ್ತಿ ನಮ್ಮ ಮುಖ ತೊಳೆಯುತ್ತಿದ್ದಳು. ತೊಳೆಯುತ್ತಾ ಮಾತಾಡುತ್ತಿದ್ದಳು. "ಇವತ್ತರ ಯಾರರೆ ಬರ್ತಾರ ನೋಡ್ರಿ" ಅನ್ನುತ್ತಿದ್ದಳು, ನಾವು ಅವಳ ಅಕ್ಕತಂಗಿಯರೋ ಎಂಬಂತೆ.

ಯಾರೂ ಬರುತ್ತಿರಲಿಲ್ಲ. ಎಲ್ಲರೂ ಬಸ್‌ಸ್ಟ್ಯಾಂಡ್ ಹತ್ತಿರದ ತಿರಕಪ್ಪನ ಡೀಸೆಲ್ ಗಿರಣಿಗೇ ಹೋಗುವವರು. ಕಾರಣ ಗುರುಸಿದ್ದವ್ವ ಎಂಬ ಮುದುಕಿ. ರೊಟ್ಟಿಯ ವಿಷಯದಲ್ಲಿ ಊರಿಗೆಲ್ಲ ಅವಳ ಮಾತೇ ಕೊನೆ. ಆ ಗುರುಸಿದ್ದವ್ವ ಕಟ್ಟೆಯ ಮೇಲೆ ಕೂತು ಹೇಳಿಬಿಟ್ಟಿದ್ದಳು: "ಬಿಸಿಲಾಗ ಬೀಸಿದ ಹಿಟ್ಟಿಗೆ ಜಿಗಟ ಇರೂದಿಲ್ಲವಾ. ತಟ್ಟಾಕ ಹೋದ್ರ ರೊಟ್ಟಿ ನಡಕ ಸೀಳತೈತಿ."

ದಾಕ್ಷಾಯಿಣಿ ಅವಳ ಬಾಗಿಲಿಗೆ ಎಷ್ಟು ಸಲ ಹೋದಳೋ. "ಆಯಿ, ಕಲ್ಲು ಅದ ಕಲ್ಲು, ಜ್ವಾಳ ಅದ ಜ್ವಾಳ. ತಿರುಗಿಸೋದಷ್ಟ ಬಿಸಿಲು."

"ನಿಂದು ಮದುವಿ ಯಾವಾಗವಾ?" ಅಂತ ಕೇಳಿ ಕಳಿಸುತ್ತಿದ್ದಳು ಮುದುಕಿ.

ನವರಾತ್ರಿಯಲ್ಲಿ ತಿರಕಪ್ಪನ ಇಂಜಿನ್ ಕೆಟ್ಟಿತು. ಬೇರೆ ದಾರಿಯಿಲ್ಲದೆ ಗುರುಸಿದ್ದವ್ವ ಜೋಳದ ಚೀಲ ಹೊತ್ತು ನಮ್ಮಲ್ಲಿಗೆ ಬಂದಳು. ನಾವೆಂಟೂ ಮೈಯೆಲ್ಲ ಕಣ್ಣಾಗಿ ಬಿಸಿಲು ಕುಡಿದೆವು. ಕಲ್ಲು ಗರಗರ ತಿರುಗಿತು. ಹಿಟ್ಟು ಬಿಸಿಬಿಸಿಯಾಗಿ ಸುರಿಯಿತು. ಮುದುಕಿ ಬೆರಳಲ್ಲಿ ತಿಕ್ಕಿ ನೋಡಿದಳು, ಮೂಸಿದಳು, ಚೀಲ ಹೊತ್ತು ಹೋದಳು. ಮೈಬೂಬ ಉಗುರು ಕಚ್ಚುತ್ತಾ ಕೂತ. ಸಂಜೆ ಅವಳ ಮನೆಯಿಂದ ರೊಟ್ಟಿ ತಟ್ಟುವ ಸದ್ದು ಕೇಳಿತು. ಆ ಸದ್ದು ಎಲ್ಲೂ ತಡವರಿಸಲಿಲ್ಲ, ಒಂದು ರೊಟ್ಟಿಯೂ ಸೀಳಿರಲಿಲ್ಲ.

ಮರುದಿನ ಆಯುಧ ಪೂಜೆ. ಗುರುಸಿದ್ದವ್ವ ತಾನಾಗಿಯೇ ಬಂದಳು, ಹಿಂದೆ ಓಣಿಯ ಹೆಂಗಸರೆಲ್ಲ. ಕೈಯಲ್ಲಿ ಕಲಸಿದ ಸುಣ್ಣದ ಬೋಗುಣಿ. ಈ ಕಡೆ ಹಬ್ಬಕ್ಕೆ ಬೀಸುವ ಕಲ್ಲಿಗೆ ಸುಣ್ಣದ ಪಟ್ಟೆ ಎಳೆದು ಕುಂಕುಮ ಇಡುವುದು ವಾಡಿಕೆ. ಒಳಗಿನ ಕಲ್ಲಿಗೆ ಇಟ್ಟಳು. ಆಮೇಲೆ ಮೇಲೆ ನೋಡಿದಳು.

"ಖರೇ ಬೀಸಾವ್ರು ಅವರಲ್ಲೇನ? ಅವರಿಗೇನು ಬರೀ ಹಣೀಲೆ ಕುಂದ್ರಸೂದು?"

"ಆಯಿ, ಅಲ್ಲಿ ಬಿಸಿಲು ಬೀಳಬೇಕ..." ಅಂತ ದಾಕ್ಷಾಯಿಣಿ ಶುರು ಮಾಡಿದಳು.

"ಸುಮ್ನಿರ ಹುಚ್ಚಿ. ಏಣಿ ಹಿಡಿ."

ಆ ವಯಸ್ಸಿನಲ್ಲಿ ಮುದುಕಿ ಏಣಿ ಹತ್ತಿದಳು! ನನ್ನ ಎದೆಗೆ ಅಡ್ಡಲಾಗಿ ದಪ್ಪ ದಪ್ಪ ಪಟ್ಟೆ ಎಳೆದಳು. ಉಳಿದವರಿಗೂ ಎಳೆದಳು. ಕುಂಕುಮ ಇಟ್ಟು ಕೆಳಗಿದ್ದವರಿಗೆ ಕೂಗಿ ಹೇಳಿದಳು: "ಸೀಗಿ ಹುಣ್ಣಿವಿ ಹಿಟ್ಟು ಎಲ್ಲಾರೂ ಇಲ್ಲೇ ಬೀಸಸ್ರಿ. ಗಿರಣಿ ನಮ್ಮದು. ಹುಣ್ಣಿವಿತನಕ ಪೂಜಿ ಯಾರೂ ಅಳಸಬ್ಯಾಡ್ರಿ ಮತ್ತ."

ಗಿರಣಿ ನಮ್ಮದು. ಆ ಮಾತಿಗೆ ದಾಕ್ಷಾಯಿಣಿಯ ಕಣ್ಣು ತುಂಬಿತು.

ಎಲ್ಲರೂ ಹೋದ ಮೇಲೆ ಮೈಬೂಬ ಒದ್ದೆ ಬಟ್ಟೆ ತಂದ. "ಇನ್ನಾ ಹಸಿ ಐತಿ. ಒರಸಿಬಿಡ್ಲೇನ?"

"ಬ್ಯಾಡೋ. ಒರಸಿದ್ದು ಗೊತ್ತಾದ್ರ ಮತ್ತ ಈ ಕಡೆ ಹಾಯ್ತಾಳೇನ ಆಕಿ?"

"ಒರಸಲಿಲ್ಲಂದ್ರ ಮೋಟಾರ್ ಎಳೀತೈತೇನ?"

"ಬಿಸಿಲು ಬೇಕಾದಷ್ಟೈತಿ. ಎಳೀತೈತಿ ತಗೋ."

ಎಳೆಯುವುದಿಲ್ಲ ಅಂತ ಅವಳಿಗೂ ಗೊತ್ತಿತ್ತೋ ಏನೋ. ಬಟ್ಟೆಯನ್ನು ಅವನ ಕೈಯಿಂದ ಕಸಿದು ಒಳಗೆ ಹೋದಳು.

ಬನ್ನಿ ಹಬ್ಬ ಕಳೆದದ್ದೇ ತಡ, ಗಿರಣಿ ಮುಂದೆ ಚೀಲಗಳ ಸಾಲು. ಸೀಗಿ ಹುಣ್ಣಿಮೆಗೆ ಪ್ರತಿ ಮನೆಯವರೂ ರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಹಿಟ್ಟಿಲ್ಲದೆ ಹಬ್ಬವಿಲ್ಲ. ಸಾಲಿನ ತಲೆಯಲ್ಲಿ ಗುರುಸಿದ್ದವ್ವ, ತವರಿನವರು ಬಂದಷ್ಟು ಸಂಭ್ರಮದಲ್ಲಿ. ದಾಕ್ಷಾಯಿಣಿ ಗುಂಡಿ ಒತ್ತಿದಳು. ಮೋಟಾರು ಹೂಂ ಅಂತು. ನಿಂತಿತು. ಮತ್ತೆ ಒತ್ತಿದಳು. ಹೂಂ. ನಿಂತಿತು. ಸುಣ್ಣದ ಅಡಿಯಿಂದ ನಾನು ಎಷ್ಟು ಎಳೆದೆ ಗೊತ್ತಾ? ಕಣ್ಣಿಗೆ ಪಟ್ಟಿ ಕಟ್ಟಿ ನೋಡು ಅಂದರೆ ಹೇಗೆ ನೋಡಲಿ?

"ಏನಾತ ದಾಕ್ಷಿ?" ಗುರುಸಿದ್ದವ್ವ ಕೇಳಿದಳು.

ಒಂದು ಮಾತು ಸಾಕಿತ್ತು. ಆದರೆ ಊರೆಲ್ಲ ನಿಂತಿತ್ತು. ಎಲ್ಲರ ಮುಂದೆ, ನಿನ್ನ ಪೂಜೆಯೇ ಗಿರಣಿ ನಿಲ್ಲಿಸಿತು ಅಂತ ಆ ಮುದುಕಿಗೆ ಹೇಗೆ ಹೇಳುವುದು? ದಾಕ್ಷಾಯಿಣಿ ಗುಂಡಿಯಿಂದ ಕೈ ತೆಗೆದಳು.

"ಮೋಡ ಆಗೈತಿ ಆಯಿ. ಸ್ವಲ್ಪ ತಡೀರಿ."

ಎಲ್ಲರೂ ಮೇಲೆ ನೋಡಿದರು. ಆಕಾಶ ತೊಳೆದಿಟ್ಟ ಹಾಗಿತ್ತು. ಇಂಜಿನ್ ರಿಪೇರಿ ಮುಗಿಸಿ ಟ್ರ್ಯಾಕ್ಟರ್ ಸಮೇತ ಬಂದಿದ್ದ ತಿರಕಪ್ಪ ನಕ್ಕ. "ಮೋಡ ಎಲ್ಲೈತಿ ತಂಗಿ? ನಿನ್ನ ತಲ್ಯಾಗೈತೇನ? ನಡೀರವ್ವಾ, ಚೀಲ ಹಾಕ್ರಿ ಟ್ರ್ಯಾಕ್ಟರಿಗೆ. ನಂದು ಮೋಡ ಬಂದ್ರೂ ತಿರುಗತೈತಿ."

ಚೀಲಗಳೆಲ್ಲ ಹೋದವು. ಗುರುಸಿದ್ದವ್ವ ಕೊನೆಯವರೆಗೂ ಕೂತಿದ್ದಳು. ಕಡೆಗೆ ಅವಳ ಚೀಲವನ್ನೂ ಯಾರೋ ಎತ್ತಿ ಹಾಕಿದರು.

ಅಂದು ಸಂಜೆ ಅವರಿಬ್ಬರೂ ಮಾಡು ಹತ್ತಿದರು. ಅಷ್ಟರಲ್ಲಿ ಬಿಸಿಲಿಗೆ ಸುಣ್ಣ ಕಚ್ಚಿಕೊಂಡು ಕಲ್ಲಾಗಿತ್ತು. ನೀರಿಗೆ ಬಿಡಲಿಲ್ಲ. ಇಟ್ಟಿಗೆ ಚೂರಿಂದ ತಿಕ್ಕಿದರು. ಆಮೇಲೆ ಕಳೆ ಕೀಳುವ ಖುರಪಿ ತಂದರು. ಸುಣ್ಣ ಹೋಯಿತು, ಜೊತೆಗೆ ನಮ್ಮ ಗಾಜಿನ ಹೊಳಪೂ ಹೋಯಿತು. ನನ್ನ ಮೂಲೆ ಚಟ್ ಅಂತ ಸೀಳುಬಿಟ್ಟಿತು. ದಾಕ್ಷಾಯಿಣಿ ಖುರಪಿ ಕೆಳಗೆ ಹಾಕಿದಳು. ನಾನು ಅಂದೇ ಹೇಳಿದ್ದೆ ಅನ್ನುವ ಹಕ್ಕು ಮೈಬೂಬನಿಗಿತ್ತು; ಅವನು ಖುರಪಿ ಎತ್ತಿಕೊಂಡು ಏಣಿ ಇಳಿದ.

ಮೋಟಾರು ಆಮೇಲೆ ತಿರುಗಿತು, ಕುಂಟುತ್ತಾ. ಬೀಸಿಸುವವರೇ ಇರಲಿಲ್ಲ. ದೀಪಾವಳಿ ಹೊತ್ತಿಗೆ ಸಂಸ್ಥೆಯವರು ಬಂದು, ಈ ಊರಿನ ಯುವಕರಲ್ಲಿ ಆಸಕ್ತಿ ಕಡಿಮೆ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಕಲ್ಲು, ಮೋಟಾರು, ಉಳಿದ ಏಳು ಫಲಕ ಬಿಚ್ಚಿಕೊಂಡು ಹೋದರು. ಒಡೆದದ್ದೆಂದು ನನ್ನನ್ನು ಮಾತ್ರ ಬಿಟ್ಟರು. ಮೈಬೂಬ ಈಗ ತಿರಕಪ್ಪನ ಟ್ರ್ಯಾಕ್ಟರ್ ಓಡಿಸುತ್ತಾನೆ. ದಾಕ್ಷಾಯಿಣಿ ಗದಗಿನ ಸೀರೆ ಅಂಗಡಿಯೊಂದರಲ್ಲಿ ಸೀರೆ ಮಡಚುತ್ತಾಳಂತೆ. ಊರಿಗೆ ಬಂದರೂ ಈ ಓಣಿಗೆ ಬರುವುದಿಲ್ಲ.

ನನ್ನನ್ನು ಎತ್ತಿಕೊಂಡು ಬಂದವಳು ಗುರುಸಿದ್ದವ್ವ. ಕರುವಿಗೆ ಗಾಳಿ ಬಡಿಯಬಾರದೆಂದು ಇಲ್ಲಿ ಒರಗಿಸಿದ್ದಾಳೆ. ಬೇಸಿಗೆಯಲ್ಲಿ ಅಡ್ಡ ಮಲಗಿಸಿ ನನ್ನ ಮೇಲೆ ಸಂಡಿಗೆ ಒಣಹಾಕುತ್ತಾಳೆ. ಬಂದವರಿಗೆಲ್ಲ ಹೇಳುತ್ತಾಳೆ: "ಪಾಪ, ಛಲೋ ಹುಡುಗೂರು. ನಾನಽ ಪೂಜಿ ಮಾಡಿದ್ದೆ. ಏನ ಮಾಡೂದವಾ, ಬಿಸಿಲಽ ಕೈ ಕೊಡ್ತು."

ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹೇಳೋಣವೆಂದರೆ ನನಗೆ ಬಾಯಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಬಿಸಿಲು ಬಿದ್ದಾಗ ಈಗಲೂ ನನ್ನೊಳಗೆ ಚೂರು ಕರೆಂಟು ಏಳುತ್ತದೆ, ತುಂಡಾದ ವೈರಿನ ತುದಿಯವರೆಗೆ ಬಂದು ಅಲ್ಲೇ ಸುಮ್ಮನಾಗುತ್ತದೆ.

ಈಗ ನೀವು ಹೇಳಿ. ಸುಣ್ಣ ಇನ್ನೂ ಹಸಿ ಇತ್ತು, ಒದ್ದೆ ಬಟ್ಟೆ ಕೈಯಲ್ಲಿತ್ತು, ಆ ಮುದುಕಿ ಆಗಷ್ಟೇ ಗಿರಣಿ ನಮ್ಮದು ಅಂದು ಏಣಿ ಇಳಿದು ಹೋಗಿದ್ದಳು. ದಾಕ್ಷಾಯಿಣಿಯ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?