ತಾಳ್ಮೆಯ ಕೂದಲು

ಚಿತ್ರದ ಮೂಲೆಯಲ್ಲಿ, ಅವಳ ಹೆಸರು ಇರಬೇಕಾಗಿದ್ದ ಜಾಗದಲ್ಲಿ, ದೊಡ್ಡಪ್ಪನ ಸಹಿ ಇತ್ತು. ಮಸಿ ಇನ್ನೂ ಆರಿರಲಿಲ್ಲ.

ಅದು ಅವಳು ತಿಂಗಳಿಡೀ ಕೂತು ಬರೆದ ಜಲವರ್ಣ. ಗಡಿಯಾರದ ಅಂಗಡಿಯಾಕೆ ತನ್ನ ಜಾಹೀರಾತಿಗೆ ‘ತಾಳ್ಮೆ’ಯನ್ನು ಹೆಣ್ಣಾಗಿ ಬರೆದುಕೊಡಿ, ಆರ್ಟ್ ನೂವೋ ಶೈಲಿಯಲ್ಲಿ, ಗೆರೆಯೆಲ್ಲ ಬಳ್ಳಿಯ ಹಾಗೆ ಓಡಬೇಕು ಎಂದು ಕೇಳಿದ್ದಳು. ಇವಳ ತಾಳ್ಮೆ ಮಡಿಲಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದಳು. ತಿಳಿಹಸಿರು ಉಡುಗೆ, ತಲೆಯ ಹಿಂದೆ ಹಳದಿ ವೃತ್ತ. ಕೂದಲು ಹೆಗಲಿನಿಂದ ಇಳಿದು, ನೆಲ ಮುಟ್ಟಿ, ಚೌಕಟ್ಟನ್ನೇ ಒಂದು ಸುತ್ತು ಸುತ್ತಿ ಮತ್ತೆ ನೆತ್ತಿಯ ಮೇಲೆ ಕೂಡಿತ್ತು.

ಅದು ಅಜ್ಜಿಯ ಕಥೆಯ ಕೂದಲು. ಒಂದೂರಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳಿದ್ದಳಂತೆ. ನುಂಗಿದ ಒಂದೊಂದು ಮಾತಿಗೂ ಅವಳ ಕೂದಲು ಗೇಣುದ್ದ ಬೆಳೆಯುತ್ತಿತ್ತಂತೆ. ಆಮೇಲೇನಾಯಿತು ಎಂದು ಕೇಳುವಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು.

“ದೊಡ್ಡಪ್ಪ, ಈ ಸಲ ನನ್ನ ಹೆಸರು ಅಂದಿದ್ರಿ.”

“ಅಂದಿದ್ದೆ. ಇಲ್ಲ ಅಂದೋರ್ಯಾರು?” ಕಲ್ಲಚ್ಚಿನ ಕಾರ್ಖಾನೆಯ ಯಜಮಾನನಾದ ದೊಡ್ಡಪ್ಪ ಕನ್ನಡಕ ಒರೆಸಿಕೊಂಡ. “ಅವರು ಕೆಲಸ ಕೊಟ್ಟಿರೋದು ನನ್ನ ಮುಖ ನೋಡಿ, ಮಗಳೇ. ನಿಂದು ಮುಂದಿನ ಸಲ. ತಾಳ್ಮೆ ಬರೆದೋಳಿಗೇ ತಾಳ್ಮೆ ಇಲ್ಲ ಅಂದ್ರೆ ಹೇಗೆ?”

ತನ್ನ ಮಾತಿಗೆ ತಾನೇ ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಹಿಂದಿನ ಮೂರು ಚಿತ್ರಕ್ಕೂ ಇದೇ ‘ಮುಂದಿನ ಸಲ’.

ಚಿತ್ರವನ್ನು ಕಲ್ಲಿಗೆ ಇಳಿಸುವವಳೂ ಅವಳೇ. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ತಿರುವಿ ಬರೆಯಬೇಕು. ಕಾಗದಕ್ಕೆ ಒತ್ತಿದಾಗ ಎಲ್ಲ ನೆಟ್ಟಗಾಗುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು ಹನ್ನೆರಡು ದಿನ ಹಲ್ಲು ಕಚ್ಚಿ ಬರೆದಳು. ಹಿಂದಿನ ಮೂರು ಕಲ್ಲುಗಳ ಮೇಲೆ ದೊಡ್ಡಪ್ಪನ ಸಹಿಯನ್ನು ತಿರುವಿ ಬರೆದದ್ದೂ ಅವಳ ಕೈಯೇ. ಈ ಸಲ ಆ ಮೂಲೆಯನ್ನು ಖಾಲಿ ಬಿಟ್ಟಳು.

“ಇದೇನು, ಇಲ್ಲಿ ಬೋಳು?”

“ನಿಮ್ಮ ಹೆಸರು ನಾನು ಬರೆಯಲ್ಲ. ನೀವೇ ಬರ್ಕೊಳ್ಳಿ.”

“ನನಗೆ ಬರಲ್ಲ ಅಂದ್ಕೊಂಡ್ಯಾ?”

ಮೂವತ್ತು ವರ್ಷದ ಯಜಮಾನಿಕೆಯಲ್ಲಿ ದೊಡ್ಡಪ್ಪ ಕಲ್ಲಿನ ಹತ್ತಿರ ಕೈ ತಂದದ್ದು ಚಹಾ ಲೋಟ ಇಡುವುದಕ್ಕೆ ಮಾತ್ರ. ಸಿಟ್ಟಿನಲ್ಲಿ ಲೇಖನಿ ಕಿತ್ತುಕೊಂಡು, ಕಾಗದಕ್ಕೆ ಹಾಕುವ ಹಾಗೆ ಸರಸರ ಸಹಿ ಎಳೆದ. ನೆಟ್ಟಗೆ.

ಅಚ್ಚೊತ್ತುವ ಮುದುಕ ಬಾಯಿ ತೆರೆದ. ಅವನನ್ನು ಅವಳು ಚಿಕ್ಕಂದಿನಿಂದ ಮಸಿಮಾವ ಎಂದೇ ಕರೆಯುತ್ತಿದ್ದಳು. ಈಗ ಅವಳು ನೋಡಿದ ನೋಟಕ್ಕೆ ಮಾತು ನುಂಗಿ ಕೆಮ್ಮಿದ.

ಮೊದಲ ಪ್ರತಿ ತೆಗೆಯುವ ದಿನ ಅಂಗಡಿಯಾಕೆಯೂ ಬಂದಿದ್ದಳು. ಮಸಿಮಾವ ಕಲ್ಲಿನಿಂದ ಹಾಳೆ ಎಬ್ಬಿಸಿ ಆಕೆಯ ಮುಂದೆ ಹಿಡಿದ.

“ಚಿತ್ರ ಚೆನ್ನಾಗಿದೆ. ಹೆಸರು ಯಾಕೆ ಉಲ್ಟಾ?”

ದೊಡ್ಡಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. “ಈ ಹುಡುಗಿ ಕೈಗೆ ಕೊಟ್ಟಿದ್ದೆ. ಕೆಡಿಸಿಟ್ಟಿದ್ದಾಳೆ.”

ಅವಳು ಲೇಖನಿಯನ್ನು ದೊಡ್ಡಪ್ಪನ ಮುಂದೆ ಹಿಡಿದಳು.

“ಹಾಗಾದ್ರೆ ನೀವೇ ಸರಿಯಾಗಿ ಬರೀರಿ. ಇಲ್ಲೇ, ಇವರ ಮುಂದೆ.”

ದೊಡ್ಡಪ್ಪನ ಕೈ ಮೇಲೇಳಲಿಲ್ಲ.

ಅವಳು ಚೂರಿಯಿಂದ ಆ ಸಹಿಯನ್ನು ಕೆರೆದಳು. ಕೆರೆದ ಜಾಗ ಹೊಸ ಮಸಿ ಹಿಡಿಯಲೆಂದು ಹುಳಿನೀರು ಸವರಿ, ಒರೆಸಿ, ಆರಲು ಬಿಟ್ಟಳು. ಆಮೇಲೆ ಕನ್ನಡಿಯಿಲ್ಲದೆ, ಒಂದೇ ಓಟದಲ್ಲಿ, ತನ್ನ ಹೆಸರನ್ನು ತಿರುವಿ ಬರೆದಳು. ಮಸಿಮಾವ ಕಲ್ಲನ್ನು ಹದ ಮಾಡಿ ಇನ್ನೊಂದು ಹಾಳೆ ಒತ್ತಿದ. ಹೆಸರು ನೆಟ್ಟಗೆ ಬಂತು.

ಅಂಗಡಿಯಾಕೆ ಅದನ್ನು ಓದಿ, ಅವಳ ಮುಖ ನೋಡಿದಳು. “ಇದನ್ನೇ ಒತ್ತಿ. ಹೆಸರು ಹೀಗೇ ಇರಲಿ.”

ದೊಡ್ಡಪ್ಪ ಮುದುಕನ ಕಡೆ ತಿರುಗಿದ. “ನಿನಗೆ ಅವತ್ತೇ ಗೊತ್ತಿತ್ತು, ಅಲ್ವಾ?”

“ನನಗೆ ಅವತ್ತು ಕೆಮ್ಮು ಬಂದಿತ್ತಲ್ವಾ, ಯಜಮಾನ್ರೇ.”

ಅಂಗಡಿಯಾಕೆ ನಕ್ಕಳು. ಚಿತ್ರ ಬರೆದವಳಿಗೆ ನಗು ಬರಲಿಲ್ಲ. ಚೂರಿಯನ್ನು ಮತ್ತೆ ಕೈಗೆತ್ತಿಕೊಂಡಳು.

“ಮಾವ,” ಎಂದಳು, “ಹಳೇ ಮೂರು ಕಲ್ಲು ಎಲ್ಲಿಟ್ಟಿದ್ದೀರಿ?”