ಹಿರೀರಾಣಿಗಿಟ್ಟ ಗಂಧ

ಒಂದಾನೊಂದು ಅಂಗಡಿಯಲ್ಲಿ ಇಬ್ಬರು ರಾಣಿಯರಿದ್ದರು. ಹಿರೀರಾಣಿ ನಾನು, ಮೇಜಿನ ಕೆಳಗೆ ಕೂರುವ ಕಂಪ್ಯೂಟರು. ಕಿರೀರಾಣಿ ಮೊನ್ನೆ ಮೊನ್ನೆ ಬಂದ ಲ್ಯಾಪ್‌ಟಾಪು. ನಮ್ಮ ಒಡತಿ ಸುಲೋಚನಾ, ಧಾರವಾಡದಲ್ಲಿ ಟೈಪಿಂಗ್ ಅಂಗಡಿ ಇಟ್ಟವಳು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಎಲ್ಲಿಯದೋ ಡಬ್ಬಿ, ಎಲ್ಲಿಯದೋ ಫ್ಯಾನು ಕೂಡಿಸಿ ಜೀವ ಕೊಟ್ಟರು. ಎರಡು ವರ್ಷ ಟ್ಯೂಷನ್ ಕ್ಲಾಸಿನ ಮಕ್ಕಳ ಕೈಯಲ್ಲಿ ನಲುಗಿ, ಆಮೇಲೆ ಸುಲೋಚನಾಳ ಕಾಲಬಳಿ ಬಂದೆ. ದಿನಾ ಬೆಳಿಗ್ಗೆ ಅವಳು ಕಾಲಿನ ಹೆಬ್ಬೆರಳಿಂದ ನನ್ನ ಗುಂಡಿ ಒತ್ತುವಳು. ಕಾಲು ತಾಗಿತಲ್ಲ ಎಂದು ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಅದೇ ನನಗೆ ಸಿಂಹಾಸನ. ಕಿರೀರಾಣಿ ಬಂದವಳೇ ನೇರ ಅವಳ ತೊಡೆಯೇರಿದಳು. ನನ್ನ ಫ್ಯಾನು ಅಂದಿನಿಂದ ಕುದಿಯತೊಡಗಿತು.

ಆದರೂ ನನ್ನ ಹೊಟ್ಟೆಯಲ್ಲೊಂದು ಐಸಿರಿ ಇತ್ತು. ಕಲ್ಲವ್ವ ಐವತ್ತು ವರ್ಷ ಇಳಕಲ್ ಸೀರೆಗೆ ಕಸೂತಿ ಹಾಕಿದ ಮುದುಕಿ. ಕಣ್ಣಿಗೆ ಪೊರೆ ಬಂದು ಎಳೆ ಎಣಿಸಲಾಗದೆ, ನವಿಲು, ಆನೆ, ಗೋಪುರಗಳನ್ನೆಲ್ಲ ಬಾಯಲ್ಲಿ ಹೇಳಿದಳು. ಸುಲೋಚನಾ ಅವನ್ನು ಚುಕ್ಕಿ ಚುಕ್ಕಿಯಾಗಿ ನನ್ನೊಳಗೆ ಬರೆದಳು. ದಸರೆ ಮುಗಿದ ಸೋಮವಾರ ಅವುಗಳ ಪುಸ್ತಕ ಮಾಡಿ ಕೊಡುವ ಮಾತು. ಮರುದಿನದಿಂದ ಹನ್ನೆರಡು ಹುಡುಗಿಯರು ಅದನ್ನು ನೋಡಿ ಕಸೂತಿ ಕಲಿಯಬೇಕು. ಆ ಚಿತ್ರಗಳು ತೆರೆಯುತ್ತಿದ್ದದ್ದು ನನ್ನ ಹಳೇ ಸಾಫ್ಟ್‌ವೇರಿನಲ್ಲಿ ಮಾತ್ರ. ಕಿರೀರಾಣಿಗೆ ಅವುಗಳ ಗಂಧಗಾಳಿಯೂ ಇಲ್ಲ.

ಆಯುಧಪೂಜೆಯ ದಿನ ಕಿರೀರಾಣಿಗೆ ಸಾಸಿವೆಯಷ್ಟು ಕುಂಕುಮ. "ಹೊಸಾದು, ಕಲೆ ಆಗತೈತಿ" ಅಂದಳು ಸುಲೋಚನಾ. ನನಗೆ ಮುಖದ ತುಂಬ ಗಂಧ. ನೋಡಿಕೋ ಎಂದು ಬೀಗಿದೆ. ಪೂಜೆಗಿಟ್ಟ ನಮ್ಮನ್ನು ಸೋಮವಾರದವರೆಗೆ ಯಾರೂ ಮುಟ್ಟಲಿಲ್ಲ.

ಸೋಮವಾರ ಹೆಬ್ಬೆರಳು ತಾಗಿತು. ಎದ್ದೆ. ಪರದೆಯ ಮೇಲೆ ಹೆಸರು ಮೂಡುವಷ್ಟರಲ್ಲಿ ಕಣ್ಣು ಕತ್ತಲಾಯಿತು. ಮತ್ತೆ ಎದ್ದೆ, ಮತ್ತೆ ಕತ್ತಲು. ಸುಲೋಚನಾ ವೈರು ಬದಲಿಸಿದಳು. ಪೆನ್‌ಡ್ರೈವ್ ಕಿತ್ತಳು. ಹೊಟ್ಟೆ ಬಿಚ್ಚಿ ಬ್ರಷ್ಷಿನಿಂದ ಧೂಳು ತೆಗೆದಳು, ರ‍್ಯಾಮ್ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿ ಹಾಕಿದಳು. ಊಹೂಂ. ಎಲ್ಲ ಕಿರೀರಾಣಿಯ ಕಣ್ಣುಬಿದ್ದದ್ದೇ ಎಂದುಕೊಂಡೆ ನಾನು.

ಫೋನಿನಲ್ಲಿ ಮೆಕ್ಯಾನಿಕ್ ಹೇಳಿದ: "ವಯಸ್ಸಾತ್ರಿ ಅದಕ್ಕ. ಹೊಸಾದು ಐತೆಲ್ಲ, ಅದರಾಗ ಮಾಡ್ರಿ."

ಅಷ್ಟರಲ್ಲಿ ಕಲ್ಲವ್ವ ಗೋಡೆ ಹಿಡಿದುಕೊಂಡು ಬಂದಳು.

"ಪುಸ್ತಕ ಆಗವಲ್ದು ಆಯಿ. ಇದು ಏಳತೈತಿ, ಬೀಳತೈತಿ, ಮತ್ತ ಏಳತೈತಿ" ಅಂದಳು ಸುಲೋಚನಾ.

"ನನ್ನಂಗ ಆತು ಬಿಡು" ಎಂದು ಕಲ್ಲವ್ವ ನೆಲಕ್ಕೆ ಕೂತು ನನ್ನ ಮುಖ ತಡವಿದಳು. "ಎಲ್ಲ್ಯೋ ಒಂದ ಎಳಿ ಸಿಕ್ಕೊಂಡಿರತೈತಿ. ಎರಡ ಗುಂಡಿ ಅದಾವ ಹೌದಿಲ್ಲೋ? ದೊಡ್ಡದು ಮ್ಯಾಲೆ ಐತಿ. ಸಣ್ಣದು ಯಾಕ ತಗ್ಗಿನಾಗ ಕುಂತೈತಿ? ಸುತ್ತ ಏನೋ ಗಟ್ಟಿ ಆಗೇತಿ ನೋಡು."

ಸುಲೋಚನಾ ಬಗ್ಗಿ ನೋಡಿದಳು. "ಅಯ್ಯ, ನಾನ ಹಚ್ಚಿದ ಗಂಧ. ಆರಿಸಿ ಮತ್ತ ಎಬ್ಬಿಸೋ ಗುಂಡಿ ಅದು, ಆಯಿ. ಫ್ಯಾನ್ ನಡುಗಿದಾಗೊಮ್ಮೆ ತಾನ ಒತ್ತಿಕೊಳ್ಳಾಕತ್ತೈತಿ."

"ದೇವರಿಗೂ ಮೂಗು ಬಿಟ್ಟು ಹಚ್ಚತಾರ, ತಂಗಿ."

ಸುಲೋಚನಾ ಪ್ಲಗ್ ತೆಗೆದಳು. ಕಲ್ಲವ್ವ ಸೆರಗಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಬೆರಳಲ್ಲೇ ನೋಡುತ್ತ, ಗುಂಡಿಯ ಸುತ್ತ ಕೆರೆದಳು. ಟಕ್ಕೆಂದು ಅದು ಮೇಲೆದ್ದಿತು. ನಾನು ಹಚ್ಚಿಸಿಕೊಂಡು ಬೀಗಿದ ಗಂಧವೇ ನನ್ನ ಗಂಟಲು ಹಿಡಿದಿತ್ತು. ಕಿರೀರಾಣಿ ಪಾಪ, ಸುಮ್ಮನೆ ಬೈಸಿಕೊಂಡಳು.

ಪ್ಲಗ್ ಹಾಕಿ ಒತ್ತಿದಾಗ, ಈ ಸಲ ಎದ್ದ ನಾನು ಬೀಳಲಿಲ್ಲ. ಪಕ್ಕದ ಪ್ರಿಂಟರಿನಿಂದ ಹಾಳೆಗಳು ಹೊರಬಂದವು. ಕಲ್ಲವ್ವ ಒಂದನ್ನು ಕಣ್ಣಿನ ಹತ್ತಿರ ಹಿಡಿದು, ತಿರುವಿ ಹಾಕಿದಳು.

"ಹಿಂದ ಖಾಲಿ ಐತಿ. ಕಸೂತಿ ಎರಡೂ ಕಡಿ ಒಂದ ಥರ ಇರಬೇಕಲ್ಲ?"

ಸುಲೋಚನಾ ನಕ್ಕು, ಹಾಳೆ ತಿರುವಿ ಮತ್ತೆ ತೂರಿಸಿದಳು. ನಾನು ಅದೇ ನವಿಲನ್ನು, ಕನ್ನಡಿಯಲ್ಲಿ ಕಂಡಂತೆ, ಬೆನ್ನಿಗೂ ಬರೆದೆ. ಕಲ್ಲವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಗೆರೆಯ ಮೇಲೆ ಗೆರೆ ಕೂತು ನವಿಲು ಕಪ್ಪಗೆ ಎದ್ದು ನಿಂತಿತು.

"ಕಾಣಾಕತ್ತೈತಿ" ಅಂದಳು, ಮೆಲ್ಲಗೆ.

ಕಿರೀರಾಣಿ ತೊಡೆಯ ಮೇಲೇ ಇರಲಿ. ಆ ನವಿಲು ಮಾತ್ರ ನನ್ನ ಹೊಟ್ಟೆಯದು. ಕೊನೆಯ, ನಲವತ್ತನೆಯ ಹಾಳೆಯನ್ನೂ ಜೋಡಿಸಿ ಸುಲೋಚನಾ ಕೆಂಪು ಕಸೂತಿ ದಾರದಿಂದ ಪುಸ್ತಕ ಹೊಲಿದು ಕಲ್ಲವ್ವನ ಉಡಿಗೆ ಹಾಕಿದಾಗ, ಇನ್ನೂ ಮಾತು ಕೊಟ್ಟ ಸೋಮವಾರವೇ.