ಆಯುಧಪೂಜೆಗೆ ಮಲಗಿದ ಬೋರ್ಡು

ಸೌಕಾರ್‌ಪೇಟೆಯ ಮುರುಗೆಪ್ಪನವರ ಬಟ್ಟೆ ಅಂಗಡಿಯಲ್ಲಿ ಆಯುಧಪೂಜೆ ಎಂದರೆ ಗಜಕೋಲಿಗೆ ರಜೆ. ಕೋಲು, ಕತ್ತರಿ, ಗಂಟು ಎಳೆಯುವ ಕೊಕ್ಕೆ, ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಹಚ್ಚಿ ಗಲ್ಲಾದ ಮುಂದೆ ಮಲಗಿಸಿದರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಗಿರಾಕಿ ಬಂದು ಬಾಗಿಲು ಬಡಿದರೂ ಇಲ್ಲ. ವರ್ಷವಿಡೀ ದುಡಿದ ಸಾಮಾನಿಗೆ ಉಸಿರು ಬಿಡಲು ಒಂದು ದಿನವಾದರೂ ಬೇಡವೇ ಎಂಬುದು ಅವರ ಅಪ್ಪ ದಾವಣಗೆರೆ ಕಡೆಯಿಂದ ಮದರಾಸಿಗೆ ಬಂದು ಅಂಗಡಿ ಇಟ್ಟ ಕಾಲದಿಂದಲೂ ನಡೆದುಬಂದ ಮಾತು.

ಆ ಮನೆಗೆ ಸೊಸೆಯಾಗಿ ಬಂದವಳು ಜ್ಯೋತಿ. ಅವಳು ಇಂಜಿನಿಯರು. ಬೆಳಿಗ್ಗೆ ಬೀಚ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮೈಲಾಪುರದಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ತರಮಣಿಗೆ ಹೋಗುತ್ತಿದ್ದಳು. ಅಲ್ಲಿನ ಒಂದು ಕಂಪನಿಯಲ್ಲಿ ಮೊಬೈಲ್ ಫೋನಿನೊಳಗೆ ಕೂರುವ ಚಿಪ್‌ಗಳ ನಕ್ಷೆ ತಯಾರಾಗುತ್ತಿತ್ತು. ಮನೆಯಲ್ಲಿ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ ಮುರುಗೆಪ್ಪನವರೇ ಕೇಳಿದರು.

"ಏನವ್ವಾ ಜ್ಯೋತಿ, ನಿನ್ನ ಆಫೀಸ್ನಾಗೆ ಏನ್ ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ನಾನು ಕಂಪ್ಯೂಟರ್ ಅಂತೀನಿ. ಮುಂದಕ್ಕೆ ಕೇಳಿದ್ರೆ ಕೆಮ್ಮತೀನಿ. ಎಷ್ಟು ದಿನ ಅಂತ ಕೆಮ್ಮಲಿ?"

ಜ್ಯೋತಿ ನಕ್ಕು, ತಟ್ಟೆ ಬದಿಗಿಟ್ಟು ಹೇಳಿದಳು. "ನಮ್ಮ ಅಂಗಡಿ ಅಟ್ಟದಿಂದ ಗಂಟು ಇಳಿಸ್ತಾರಲ್ಲ ಮಾವ, ಹಂಗೇ ಅದು. ಮೇಲಿನೋನು ಎಸೀತಾನೆ, ಎಸೀವಾಗ 'ಹೋಯ್' ಅಂತಾನೆ. ಆ ಕೂಗಿಗೆ ಸರಿಯಾಗಿ ಕೆಳಗಿನೋನು ಹಿಡೀಬೇಕು. ಬೇಗ ಚಾಚಿದ್ರೂ ಬೀಳ್ತದೆ, ತಡ ಆದ್ರೂ ಬೀಳ್ತದೆ. ಚಿಪ್ಪಿನೊಳಗೂ ಒಬ್ಬ ಅಂಕಿ ಎಸೀತಾನೆ, ಇನ್ನೊಬ್ಬ ಹಿಡೀತಾನೆ."

"ಅದಕ್ಕೆ ನೀನ್ಯಾಕೆ?"

"ಈಗ ಹಿಡಿಯೋನು ಗಂಟು ಬರಲಿ ಬಿಡಲಿ ಕೈ ಚಾಚ್ಕೊಂಡೇ ನಿಂತಿರ್ತಾನೆ. ಸುಮ್ಮನೆ ಸುಸ್ತು. ಫೋನಿನ ಬ್ಯಾಟರಿ ಹಂಗೇ ಖಾಲಿ ಆಗೋದು. ನಾನು ಮಾಡಿರೋದು ಅಂದ್ರೆ, ಗಂಟು ಇಲ್ಲದಾಗ ಕೈ ಇಳಿಸೋದು. ಕೂಗು ಕೇಳಿದ ತಕ್ಷಣ ಎತ್ತೋದು."

"ಅಡ ಕಡವುಳೇ!" ಎಂದರು ಮುರುಗೆಪ್ಪ. ಅಷ್ಟು ವರ್ಷ ಆ ಊರಿನಲ್ಲಿದ್ದವರ ಬಾಯಿಗೆ ಶಿವನಿಗಿಂತ ಮೊದಲು ತಮಿಳು ದೇವರೇ ಬರುತ್ತಿದ್ದ. "ಕೈ ಇಳಿಸೋದಕ್ಕೆ ಇಷ್ಟು ಓದಬೇಕೇನು? ನಮ್ಮ ಗೋಡೌನ್ ಚಂದು ಅದನ್ನ ಹುಟ್ತಾನೇ ಕಲ್ತು ಬಂದಾನೆ."

ಒಳಗಿನಿಂದ ಅತ್ತೆ ಬಸವಣ್ಣೆಮ್ಮನವರ ದನಿ ಬಂತು. "ಚಂದು ಒಬ್ಬನೇ ಅಲ್ಲ. ಗಲ್ಲಾದ ಮುಂದೆ ಕೂತೋರೂ ಚೆನ್ನಾಗೇ ಕಲ್ತಾರೆ."

ಹಗುರವಾಗಿ ಆಡಿದ ಮಾತಾದರೂ ಕೆಲಸ ಹಗುರದ್ದಲ್ಲ. ಎಚ್ಚರವಾಗುವ ಹೊತ್ತಿನಲ್ಲಿ ಮೊದಲ ಅಂಕಿ ಕೈತಪ್ಪದಂತೆ ನೋಡಿಕೊಳ್ಳುವುದಕ್ಕೆ ಜ್ಯೋತಿ ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು. ಕೊನೆಗೊಂದು ಉಪಾಯ ಹೊಳೆದಿತ್ತು. ಅದನ್ನು ಒಂದು ಪರೀಕ್ಷೆಯ ಚಿಪ್‌ನಲ್ಲಿ ಮಾಡಿಸಿ, ಹಸಿರು ಬೋರ್ಡಿನ ಮೇಲೆ ಕೂರಿಸಿ ವಾರಗಟ್ಟಲೆ ಓಡಿಸಿದ್ದರು. ಒಂದು ಅಂಕಿಯೂ ತಪ್ಪಿರಲಿಲ್ಲ. ಉಪಾಯವನ್ನು ಅವಳ ಹೆಸರಿನಲ್ಲಿ ಪೇಟೆಂಟಿಗೆ ಕಳಿಸುವ ಮಾತೂ ನಡೆದಿತ್ತು.

ಅವಳ ಮೇಲಿನವರು ವಿಷ್ಣುಮೂರ್ತಿ, ಮೈಸೂರು ಕಡೆಯವರು. ಕೈ ಇಳಿಸದೆ ಸದಾ ಚಾಚಿಕೊಂಡೇ ಇರುವ ಹಳೆಯ ಬಗೆ ಅವರದು. ಬ್ಯಾಟರಿ ತಿಂದರೂ ಅದು ಎಂದೂ ಕೈಕೊಟ್ಟಿರಲಿಲ್ಲ. ಎರಡರಲ್ಲಿ ಯಾವುದು ಹೊಸ ಚಿಪ್‌ಗೆ ಹೋಗಬೇಕೆಂದು ಗಿರಾಕಿ ಕಂಪನಿಯವರು ಆಯುಧಪೂಜೆ ಕಳೆದ ಸೋಮವಾರ ಬಂದು ನೋಡಿ ಹೇಳುವುದೆಂದು ನಿಗದಿಯಾಗಿತ್ತು. ಚಿಪ್ ಎಂದರೆ ಶಾಸನದ ಹಾಗೆ, ಕೆತ್ತಿದ ಮೇಲೆ ತಿದ್ದುವಂತಿಲ್ಲ. ಈ ಸಲ ಬಿಟ್ಟರೆ ಮುಂದಿನ ಚಿಪ್ ಯಾವಾಗಲೋ, ಅದು ಇವರ ಕೈಗೇ ಬರುತ್ತದೋ ಇಲ್ಲವೋ ಹೇಳುವವರಿರಲಿಲ್ಲ.

ಅದು ಸುನಾಮಿ ಬರುವುದಕ್ಕೆ ಹಿಂದಿನ ವರ್ಷ. ಆಯುಧಪೂಜೆ ಶನಿವಾರ ಬಿದ್ದಿತ್ತು, ವಿಜಯದಶಮಿ ಭಾನುವಾರ. ಆಫೀಸಿನಲ್ಲಿ ಶುಕ್ರವಾರವೇ ಪೂಜೆ ಮುಗಿಸುವುದು ಪದ್ಧತಿ. ಲ್ಯಾಬು ನೋಡಿಕೊಳ್ಳುತ್ತಿದ್ದ ತಿರುಮಲ ಕೋಯಂಬೇಡು ಮಾರುಕಟ್ಟೆಗೆ ಹೋಗಿ ಬಾಳೆಕಂದು, ಬೂದುಗುಂಬಳ, ಒಂದು ಚೀಲ ಪುರಿ ತಂದಿದ್ದ. ಹೊಸೂರು ಕಡೆಯವನು, ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ, ತಲೆ ಅರ್ಧ ನರೆತಿತ್ತು. ಮಂಗಳಾರತಿಗೆ ಮುಂಚೆ ಅವನು ಬೋರ್ಡಿನ ಮುಂದೆ ನಿಂತು ತಕರಾರು ತೆಗೆದ.

"ಸಾರ್, ಪೂಜೆ ಆದಮೇಲೆ ಆಯುಧ ಓಡಬಾರದು. ಆಫ್ ಮಾಡ್ಲಾ?"

"ಅಯ್ಯಯ್ಯೋ, ಪವರ್ ತೆಗೀಬೇಡಯ್ಯಾ!" ವಿಷ್ಣುಮೂರ್ತಿ ಓಡಿ ಬಂದರು. "ಸೋಮವಾರ ಅವರು ಬರ್ತಾರೆ. ಎಲ್ಲಾ ಜೋಡಿಸಿ ಇಟ್ಟಿದೆ. ಮುಟ್ಟಿದ್ರೆ ನೋಡು."

"ಓಡ್ತಾ ಇದ್ರೆ ಸರಸ್ವತಿಗೆ ಏನು ಮರ್ಯಾದೆ ಸಾರ್? ಕುಂಕುಮ ಇಟ್ಟು ಕೆಲಸ ತಗೊಳ್ಳೋದಾ? ನಮ್ಮೂರ ಲಾರಿ ಸ್ಟ್ಯಾಂಡ್‌ನಲ್ಲೂ ಹಾಗೆ ಮಾಡಲ್ಲ."

"ನಿಮ್ಮ ಲಾರಿ ಸ್ಟ್ಯಾಂಡಿಗೆ ಸೋಮವಾರ ಯಾರಾದ್ರೂ ಬರ್ತಾರೇನಯ್ಯಾ?"

ಇಬ್ಬರ ನಡುವೆ ಜ್ಯೋತಿಯೇ ರಾಜಿ ಮಾಡಿಸಿದಳು. ಗಜಕೋಲು ಮಲಗಿಸುವ ಮನೆಯ ಸೊಸೆಯಲ್ಲವೇ, ಓಡುತ್ತಿರಲಿ ಎನ್ನಲು ಅವಳಿಗೂ ಬಾಯಿ ಬರಲಿಲ್ಲ. "ಪವರ್ ಇರಲಿ, ಅಂಕಿ ಕಳಿಸೋದು ನಿಲ್ಲಿಸೋಣ. ಎದ್ದಿರ್ತದೆ, ಆದ್ರೆ ಕೈಕಟ್ಟಿ ಕೂತಿರ್ತದೆ. ಸರಸ್ವತಿಗೂ ಆಯ್ತು, ಸಾರ್‌ಗೂ ಆಯ್ತು."

ತಿರುಮಲ ಒಪ್ಪಿದ. ಬೋರ್ಡಿನ ಮೂಲೆಗೆ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟ. ಎಲ್ಲರೂ ಪುರಿ ಹಂಚಿಕೊಂಡು ಮನೆಗೆ ಹೋದರು. ಲ್ಯಾಬಿನ ಎ.ಸಿ. ಮಾತ್ರ ಎಂದಿನಂತೆ ತನ್ನ ಪಾಡಿಗೆ ತಾನು ಗೊರ ಗೊರ ಅನ್ನುತ್ತಿತ್ತು. ಬೇರೆ ಯಾವ ಊರಿನ ಲ್ಯಾಬಿನಲ್ಲಾದರೂ ಆ ಬೋರ್ಡನ್ನು ಓಡಿಸುತ್ತಿದ್ದರು, ಇಲ್ಲವೇ ಆರಿಸಿಬಿಡುತ್ತಿದ್ದರು. ಜೀವ ಇಟ್ಟುಕೊಂಡು ಕೆಲಸವಿಲ್ಲದೆ ಎರಡು ದಿನ ಕೂತಿರು ಎಂದು ಯಾರೂ ಹೇಳುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ತಿರುಮಲ ಕರ್ಪೂರ ಹಚ್ಚಿದ, ಜ್ಯೋತಿ ಅಂಕಿ ಕಳಿಸಿದಳು. ಪರದೆಯ ಮೇಲೆ ಮೊದಲ ಸಾಲೇ ಕೆಂಪಾಯಿತು, ಅಂಕಿ ಕೈತಪ್ಪಿತ್ತು. ಆಮೇಲಿನವು ಒಂದಾದ ಮೇಲೊಂದು ಹಸಿರಾಗಿ ಇಳಿದವು. ಕೆಂಪು ಅದೊಂದೇ.

ವಿಷ್ಣುಮೂರ್ತಿ ಕನ್ನಡಕ ಏರಿಸಿ ನೋಡಿದರು, ಬೋರ್ಡನ್ನು ನೋಡಿದರು, ತಿರುಮಲನನ್ನೂ ನೋಡಿದರು. "ಗಂಧ! ನೀರು ನೀರಾಗಿ ಗಂಧ ಮೆತ್ತಿದ್ದೀಯಲ್ಲಯ್ಯಾ! ಇದೇನು ಕಲ್ಲಿನ ಬಸವನೇ?"

"ಸತ್ಯಮಾ ಸಾರ್, ಒಂದು ಚಿಟಿಕೆ."

"ಒರೆಸು ಮೊದಲು."

ತಿರುಮಲ ಸ್ಪಿರಿಟ್ ಹಾಕಿ ಒರೆಸಿದ. ಮತ್ತೆ ಕಳಿಸಿದರು. ಎಲ್ಲವೂ ಹಸಿರು. ನಿಲ್ಲಿಸಿ ಮತ್ತೆ ಕಳಿಸಿದರು, ಹಸಿರು. ವಿಷ್ಣುಮೂರ್ತಿಯವರಿಗೆ ಸಮಾಧಾನವಾಯಿತು. ತಮ್ಮ ಬಗೆ ಸೋತರೂ ಅವರಿಗೆ ಚಿಂತೆ ಇರಲಿಲ್ಲ, ಬಂದವರ ಮುಂದೆ ಮಾನ ಹೋಗಬಾರದು ಅಷ್ಟೆ. "ಗಂಧದ ದೋಷ ಅಂತ ಆಯ್ತು ಬಿಡಮ್ಮ. ಅವರಿಗೆ ಹೇಳೋ ಅಗತ್ಯ ಕೂಡ ಇಲ್ಲ. ಇನ್ನು ಅವರು ಹೋಗೋವರೆಗೂ ನಿಲ್ಲಿಸಬೇಡ" ಎಂದು ಕಾಫಿಗೆ ಹೋದರು.

ಜ್ಯೋತಿ ಕೂತಲ್ಲಿಂದ ಏಳಲಿಲ್ಲ. ಗಂಧ ಇದ್ದದ್ದು ಮೂಲೆಯಲ್ಲಿ, ಸ್ಕ್ರೂ ತಲೆಯ ಮೇಲೆ. ಚಿಪ್ ಇದ್ದದ್ದು ನಡುವೆ. ಶುಕ್ರವಾರ ಹಚ್ಚಿದ್ದು ಶನಿವಾರಕ್ಕೇ ಒಣಗಿ ಪುಡಿಯಾಗಿರಬೇಕು. ಗಂಧದಿಂದಲೇ ಆದ ತಪ್ಪಾದರೆ ಎಲ್ಲ ಸಾಲೂ ಕೆಡಬೇಕಿತ್ತು, ಮೊದಲನೆಯದೊಂದೇ ಯಾಕೆ ಕೆಟ್ಟಿತು? ಒರೆಸಿದ್ದರಿಂದ ಸರಿಹೋಯಿತೋ, ಅಷ್ಟರಲ್ಲಿ ಓಡಿ ಓಡಿ ಮೈ ಬೆಚ್ಚಗಾದ್ದರಿಂದ ಸರಿಹೋಯಿತೋ? ವಾರಗಟ್ಟಲೆ ಓಡಿಸಿದಾಗ ಅದಕ್ಕೆ ಕೊಟ್ಟ ಬಿಡುವು ಎಂದರೆ ರೆಪ್ಪೆ ಬಡಿಯುವಷ್ಟು. ಎರಡು ದಿನ ಕೈ ಇಳಿಸಿ ಕೂರಿಸಿದ್ದು ಇದೇ ಮೊದಲು.

ಅವಳ ಮುಖ ನೋಡಿ ತಿರುಮಲ ಹತ್ತಿರ ಬಂದ.

"ಮೇಡಂ, ಗಂಧ ಅಂತಲೇ ಇರಲಿ. ನಂದೇ ತಪ್ಪು ಅಂತ ಹೇಳಿಬಿಡಿ. ಸಾರ್ ಬೈದಾಯ್ತು, ಇನ್ನೇನಿದೆ? ಮುಂದಿನ ವರ್ಷ ಪೂಜೆ ಬಾಗಿಲ ಹೊರಗೆ ಮಾಡ್ತೀನಿ. ನಿಮ್ಮ ಎರಡು ವರ್ಷದ ಕೆಲಸ ಉಳ್ಕೊಳ್ತದೆ."

"ಗಂಧ ಎಲ್ಲಿ ಹಚ್ಚಿದ್ರಿ, ತೋರಿಸಿ."

ಅವನು ಬೆರಳಿಟ್ಟು ತೋರಿಸಿದ. ಸ್ಕ್ರೂವಿನ ಸೀಳಿನಲ್ಲಿ ಇನ್ನೂ ಒಂದೆಳೆ ಕೆಂಪು ಉಳಿದಿತ್ತು. ಅಲ್ಲಿಂದ ಚಿಪ್‌ಗೆ ಅವನ ಅಂಗೈಯಷ್ಟು ದೂರ.

"ನಿಮ್ಮ ತಪ್ಪಲ್ಲ ತಿರುಮಲ."

"ಅದು ನಂಗೂ ಗೊತ್ತು ಮೇಡಂ. ಅದಕ್ಕೇ ನೋವಿಲ್ಲದೆ ಒಪ್ಕೊಳ್ತಾ ಇರೋದು."

ಜ್ಯೋತಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಮಧ್ಯಾಹ್ನದವರೆಗೆ ಸುಮ್ಮನಿದ್ದರೆ ಸಾಕಿತ್ತು. ಬೋರ್ಡು ಬೆಚ್ಚಗೆ ಓಡುತ್ತಿತ್ತು, ಸಾಲು ಹಸಿರಾಗಿತ್ತು. ಬಂದವರು ನೋಡಿ ಹೂಂ ಅಂದರೆ ಅವಳ ಉಪಾಯ ಲಕ್ಷಗಟ್ಟಲೆ ಫೋನುಗಳೊಳಗೆ ಕೂರುತ್ತಿತ್ತು. ಆ ಲಕ್ಷ ಫೋನುಗಳಲ್ಲಿ ಯಾರೋ ಒಬ್ಬರು ಬಳಸದೆ ಮೇಜಿನ ಮೇಲೆ ಇಟ್ಟು, ಎರಡು ದಿನದ ಮೇಲೆ ಎತ್ತಿಕೊಂಡರೆ? ಅವಳು ಎದ್ದು ವಿಷ್ಣುಮೂರ್ತಿಯವರ ಕೋಣೆಗೆ ಹೋದಳು.

"ಸಾರ್, ಅದು ಗಂಧ ಅಲ್ಲ. ಬಹಳ ಹೊತ್ತು ಕೂತ್ರೆ ತಪ್ಪುತ್ತೆ ಅನ್ಸುತ್ತೆ. ಅವರಿಗೆ ಹೇಳಬೇಕು."

"ಅನ್ಸುತ್ತೆ! ಅನ್ಸಿದ್ದಕ್ಕೆಲ್ಲ ಹೇಳ್ತಾ ಹೋದ್ರೆ ನಾನು ಇಷ್ಟೊತ್ತಿಗೆ ಸಂನ್ಯಾಸಿ ಆಗಿರ್ತಿದ್ದೆ. ಗ್ಯಾರಂಟಿ ಗೊತ್ತಾ ನಿನಗೆ?"

"ಗೊತ್ತಿಲ್ಲ ಸಾರ್. ಗೊತ್ತಾಗೋದಕ್ಕೆ ಇನ್ನೊಂದು ಎರಡು ದಿನ ಮಲಗಿಸಬೇಕು."

"ಅವರು ಇವತ್ತು ಕೇಳ್ತಾರಮ್ಮ. ಹೇಳಿದ್ರೆ ನನ್ನ ಹಳೇದನ್ನೇ ಹಾಕು ಅಂತಾರೆ. ನಾಳೆ ಊರೆಲ್ಲ ಏನಂತಾರೆ? ವಿಷ್ಣುಮೂರ್ತಿ ಆ ಹುಡುಗಿ ಕೆಲಸಕ್ಕೆ ಕಲ್ಲು ಹಾಕಿದ ಅಂತ."

"ನಾನೇ ಹಾಕಿಕೊಂಡೆ ಅಂತ ನಾನು ಹೇಳ್ತೀನಿ."

ಅವರು ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, "ಹೇಳು. ಆದ್ರೆ ಮೊದಲು ಊಟ ಹಾಕಿಸೋಣ, ಆಮೇಲೆ ಹೇಳು" ಎಂದರು.

ಬಂದವರು ಇಬ್ಬರು. ಅವರಲ್ಲಿ ಹಿರಿಯರೊಬ್ಬರು, ಮಾತು ಕಡಿಮೆ. ಜ್ಯೋತಿ ಕೆಂಪು ಸಾಲನ್ನೂ ತೋರಿಸಿದಳು, ತನಗೆ ಕಾರಣ ತಿಳಿಯದು ಎಂಬುದನ್ನೂ ಹೇಳಿದಳು. ಎರಡು ದಿನ ಯಾಕೆ ನಿಲ್ಲಿಸಿದ್ದಿರಿ ಎಂದು ಹಿರಿಯರು ಕೇಳಿದರು. ಪೂಜೆಗೆ ಎಂದಳು. ಅವರು ನಗಲಿಲ್ಲ. ತಟ್ಟೆಯಲ್ಲಿದ್ದ ಪುರಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬೋರ್ಡಿನ ಮೂಲೆಯನ್ನು ನೋಡುತ್ತಾ ನಿಂತರು. ಹೋಗುವಾಗ ಈ ಸಲ ಹಳೆಯ ಬಗೆಯೇ ಇರಲಿ ಎಂದರು. ಹಾಗೆಯೇ ಆಯಿತು. ಚಿಪ್ ತಯಾರಿಗೆ ಹೋಯಿತು, ಜ್ಯೋತಿಯ ಉಪಾಯ ಹೊರಗೇ ಉಳಿಯಿತು. ಪೇಟೆಂಟಿನ ಮಾತನ್ನೂ ಯಾರೂ ಎತ್ತಲಿಲ್ಲ.

ಆ ವಾರದ ಕೊನೆಗೆ ತಿರುಮಲ ಗಂಧವಿಲ್ಲದೆ, ಕುಂಕುಮವಿಲ್ಲದೆ ಬೋರ್ಡನ್ನು ಎ.ಸಿ.ಯಲ್ಲಿ ಎರಡು ದಿನ ಮಲಗಿಸಿದ. ಎಬ್ಬಿಸಿದಾಗ ಮೊದಲ ಸಾಲು ಕೆಂಪು. "ನೋಡಿ ಸಾರ್, ಗಂಧ ಎಲ್ಲಿ?" ಎಂದು ಅವನು ಇಡೀ ಮಹಡಿಗೆ ಕೇಳುವ ಹಾಗೆ ಕೇಳಿದ. ವಿಷ್ಣುಮೂರ್ತಿ ಅವನಿಗೆ ಒಂದು ಕಾಫಿ ತರಿಸಿಕೊಟ್ಟರು.

ಕಾರಣ ಹುಡುಕಲು ಹೆಚ್ಚು ದಿನ ಹಿಡಿಯಲಿಲ್ಲ. ಓಡುತ್ತಿರುವ ಚಿಪ್‌ನ ಮೈ ಬೆಚ್ಚಗಿರುತ್ತದೆ. ಕೂಗಿಗೂ ಕೈಗೂ ನಡುವಿನ ತಾಳವನ್ನು ಜ್ಯೋತಿ ಆ ಬಿಸಿಯಲ್ಲಿ ಹೊಂದಿಸಿದ್ದಳು. ಸುಮ್ಮನೆ ಕೂತು ತಣ್ಣಗಾದರೆ ಕೈ ಒಂದು ಎಳೆ ಬೇಗ ಏಳುತ್ತದೆ, ಗಂಟು ಬರುವ ಮೊದಲೇ ಮುಚ್ಚಿಕೊಳ್ಳುತ್ತದೆ. ಹಾಗೆಂದು ಸದಾ ಎಬ್ಬಿಸಿಯೇ ಇಟ್ಟರೆ ಬ್ಯಾಟರಿ ಉಳಿಯದು. ತಿಂಗಳುಗಳ ಮೇಲೆ ಅವಳು ಕಂಡುಕೊಂಡ ದಾರಿ ಇದು: ಮಲಗಿದವನು ಮಲಗಿಯೇ ಇರಲಿ, ಆದರೆ ಆಗಾಗ ಒಂದು ಸಲ ಮೈಮುರಿದು, ಬರಿಗೈಯಲ್ಲೇ ಒಂದು ಗಂಟು ಹಿಡಿದಂತೆ ಮಾಡಿ ತಾಳ ಸರಿ ಮಾಡಿಕೊಂಡು ಮತ್ತೆ ಮಲಗಲಿ. ಅದಕ್ಕೆ ತಗಲುವ ಕರೆಂಟು ಲೆಕ್ಕಕ್ಕೇ ಬಾರದಷ್ಟು.

ಮರುವರ್ಷದ ಆಯುಧಪೂಜೆಗೆ ಹೊಸ ಬೋರ್ಡು ಬಂದಿತ್ತು. ಈ ಸಲ ವಿಷ್ಣುಮೂರ್ತಿಯವರೇ ತಿರುಮಲನನ್ನು ಕರೆದು, "ಗಂಧ ಹಚ್ಚಯ್ಯಾ, ಧಾರಾಳವಾಗಿ ಹಚ್ಚು. ಆಮೇಲೆ ಮಲಗಿಸು" ಎಂದರು. ರಜೆ ಮುಗಿದು ಎಬ್ಬಿಸಿದಾಗ ಮೊದಲ ಸಾಲು ಹಸಿರಾಗಿ ಬಂತು. ಅಂದಿನಿಂದ ಆ ಲ್ಯಾಬಿನಲ್ಲಿ ಯಾವ ಚಿಪ್ ಆದರೂ ಹೊರಗೆ ಹೋಗುವ ಮೊದಲು ಎರಡು ದಿನ ಮಲಗಬೇಕು. ಅದಕ್ಕೆ ಪೂಜೆ ಟೆಸ್ಟು ಎಂದೇ ಹೆಸರು. ಹೊರಗಿನಿಂದ ಬಂದ ಹೊಸಬರೂ ಹಾಗೆಯೇ ಅನ್ನುತ್ತಾರೆ, ಯಾಕೆಂದು ಕೇಳುವುದಿಲ್ಲ. ಜ್ಯೋತಿಯ ಉಪಾಯ ಆಮೇಲಿನ ಚಿಪ್‌ಗೆ ಹೋಯಿತು, ಪೇಟೆಂಟಿಗೂ ಹೋಯಿತು.

ಅಷ್ಟರಲ್ಲಿ ಮುರುಗೆಪ್ಪನವರು ಒಂದು ಮೊಬೈಲ್ ಕೊಂಡಿದ್ದರು. ಸೊಸೆಯ ಕಂಪನಿಯ ಚಿಪ್ ಇರುವುದೇ ಬೇಕೆಂದು ವಿಚಾರಿಸಿ ತಂದದ್ದು. ಅದರೊಳಗಿದ್ದದ್ದು ಆ ಸೋಮವಾರ ತೀರ್ಮಾನವಾದ ಹಳೆಯ ಬಗೆಯ ಚಿಪ್, ಕೈ ಇಳಿಸಲು ಬಾರದ್ದು. ದಿನಾ ಮಧ್ಯಾಹ್ನ ಮೂರು ಗಂಟೆಗೇ ಅದರ ಉಸಿರು ನಿಲ್ಲುತ್ತಿತ್ತು.

"ಏನವ್ವಾ ಜ್ಯೋತಿ, ಕೈ ಇಳಿಸೋದು ಕಲಿಸೀನಿ ಅಂದಿದ್ದೆ. ಇದ್ಯಾಕೆ ಹೊತ್ತು ಮುಳುಗೋದ್ರೊಳಗೆ ಮಲಗ್ತದೆ?"

"ಅದಕ್ಕೆ ಕಲಿಸಿರ್ಲಿಲ್ಲ ಮಾವ. ಅದು ನಿಂತೇ ಇರ್ತದೆ."

"ಕಲಿಸಬೇಕಿತ್ತವ್ವಾ!"

"ಆಗ ಕಲಿಸಿದ್ರೆ ಗಂಟು ಬೀಳಿಸ್ತಿತ್ತು."

ಮುರುಗೆಪ್ಪ ಫೋನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. "ಸರಿ ಬಿಡು. ಗಂಟು ಬೀಳಿಸೋನಿಗಿಂತ ಸುಸ್ತಾದೋನೇ ವಾಸಿ" ಎಂದು ಅವಳ ಕೈಗೆ ಕೊಟ್ಟರು. ಜ್ಯೋತಿ ಅದನ್ನು ಗಲ್ಲಾದ ಪಕ್ಕ, ಗಜಕೋಲು ಒರಗಿಸುವ ಜಾಗದಲ್ಲಿ, ಚಾರ್ಜಿಗೆ ಹಾಕಿದಳು.